ಸುಣ್ಣದ ಕಲ್ಲಿನ ಪಾಠ

ಕುಷ್ಟಗಿ
7 ಜುಲೈ 2024

ಪ್ರೀತಿಯ ವಿಜಯಾ,

ಕೊಪ್ಪಳದಲ್ಲಿ ಬಿ.ಇಡಿ. ಮುಗಿಸಿ ಹನ್ನೊಂದು ವರ್ಷವಾಯಿತು, ಇನ್ನೂ ಗೆಳತಿಗೆ ಕಾಗದ ಬರೆಯುತ್ತೇನೆ ಎಂದರೆ ನಮ್ಮ ಶಾಲೆಯಲ್ಲಿ ನಗುತ್ತಾರೆ. ಫೋನಿನಲ್ಲಿ ನಾನು ಬರೀ ಹೂಂ ಎನ್ನುತ್ತೇನೆಂದು ಈ ರೂಢಿ ಹಾಕಿದವಳು ನೀನೇ. ಮೇಲಾಗಿ ಪ್ರಯೋಗವನ್ನು ಕಾಗದದಲ್ಲಿ ಬರೆದು ಕಳಿಸಿದರೆ ನೋಟ್‌ಬುಕ್ಕಿನಲ್ಲಿ ಅಂಟಿಸಿ ಇಟ್ಟುಕೊಳ್ಳಬಹುದು.

ಈ ಸಲ ಹೊಸದೊಂದು ಸಿಕ್ಕಿದೆ. ಹತ್ತನೇ ತರಗತಿಯ ಹುಲಿಗವ್ವ ಸೋಮವಾರ ಕಪ್ಪು ಬೆರಳು ಹೊತ್ತು ಬಂದಳು. ತೋಟದಲ್ಲಿ ಒಡೆದು ಬಿದ್ದ ದಾಳಿಂಬೆಯನ್ನು ಹಳೇ ಕಬ್ಬಿಣದ ಕುಡಗೋಲಿನಿಂದ ಸುಲಿದಿದ್ದಳಂತೆ. "ಎಷ್ಟು ತಿಕ್ಕಿದ್ರೂ ಹೋಗವಲ್ದು ರೀ ಅಕ್ಕೋರ. ಕುಡಗೋಲೂ ಕರ್ರಗ ಆಗೈತಿ" ಎಂದಳು. ಪಾಠ ನಿಲ್ಲಿಸಿ ಎಲ್ಲರಿಗೂ ಸಿಪ್ಪೆ ತರಲು ಹೇಳಿದೆ.

ಬರೆದುಕೋ. ಸಿಪ್ಪೆಯನ್ನು ಚಹಾದ ಬಣ್ಣ ಬರುವ ತನಕ ಕುದಿಸಿ ಸೋಸಬೇಕು. ತುಕ್ಕು ಹಿಡಿದ ಮೊಳೆಗಳನ್ನು ಲಿಂಬೆ ರಸದಲ್ಲಿ ಎರಡು ದಿನ ನೆನೆಹಾಕಬೇಕು. ಮೂರನೆಯ ದಿನ ಆ ರಸವನ್ನು ಕಷಾಯಕ್ಕೆ ಹನಿಹನಿಯಾಗಿ ಬಿಟ್ಟರೆ ಕಣ್ಣೆದುರೇ ಕಡುಗಪ್ಪು. ಸಿಪ್ಪೆಯ ಒಗರು ಕಬ್ಬಿಣದ ಜೊತೆ ಕೂಡಿ ಮೂರನೆಯದೇ ಒಂದಾಯಿತು. ಮಕ್ಕಳು ಬೇವಿನ ಕಡ್ಡಿ ಅದ್ದಿ ತಮ್ಮ ತಮ್ಮ ಹೆಸರು ಬರೆದರು. ರಾಸಾಯನಿಕ ಬದಲಾವಣೆ ಎಂದರೇನು ಎಂದು ನಾನು ಹೇಳಿಕೊಡುವ ಕೆಲಸವೇ ಉಳಿಯಲಿಲ್ಲ.

ನನ್ನದು ಎಂದು ಹೇಳಿಕೊಳ್ಳಬಹುದಾದ ಪ್ರಯೋಗ ಇದೊಂದೇ ವಿಜಯಾ. ಮೊದಲು ನಿನಗೇ ಬರೆಯುತ್ತಿದ್ದೇನೆ.

ನಿನ್ನ ಶಾಂಭವಿ

*

ಸಿದ್ದಾಪುರ
19 ಜುಲೈ 2024

ಶಾಂಭೂ,

ನಿನ್ನ ಕಾಗದ ಓದಿ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ. ನಮ್ಮ ಕ್ಯಾಂಪಿನ ಶಾಲೆಗೆ, ಕಾಲುವೆ ನೀರು ನಂಬಿ ಇಲ್ಲಿ ಬಂದು ನೆಲೆಸಿದ ದೊಡ್ಡ ರೈತರು ಬೀರು ತುಂಬ ಗಾಜಿನ ಸಾಮಾನು ಕೊಟ್ಟಿದ್ದಾರೆ. ಬೀಕರು, ಬ್ಯುರೆಟ್ಟು, ಇನ್ನೂ ಕಟ್ಟು ಬಿಚ್ಚದ ತಕ್ಕಡಿ. ವಾರಕ್ಕೊಮ್ಮೆ ಒರೆಸಿ ಮತ್ತೆ ಬೀಗ ಹಾಕುತ್ತೇನೆ. ನೀನು ನೋಡಿದರೆ ಒಡೆದ ದಾಳಿಂಬೆ, ತುಕ್ಕು ಮೊಳೆ ಇಟ್ಟುಕೊಂಡು ಮಸಿ ಮಾಡುತ್ತೀಯ.

ಈಗ ಇಲ್ಲಿ ನಾಟಿ. ಅರ್ಧ ತರಗತಿ ಖಾಲಿ. ಇದ್ದವರಿಗಾದರೂ ತೋರಿಸೋಣವೆಂದು ಗಂಗಾವತಿಯಿಂದ ದಾಳಿಂಬೆ ತರಿಸಿ ಮಾಡಿದೆ. ಮಸಿ ಬಂತು. ಕುಣಿಯುವುದೊಂದು ಬಾಕಿ.

ಇನ್ನೊಂದು ವಿಷಯ. ಆಗಸ್ಟಿನಲ್ಲಿ ಗಂಗಾವತಿಯಲ್ಲಿ ವಿಜ್ಞಾನ ಶಿಕ್ಷಕರಿಗೆ ಎರಡು ದಿನದ ತರಬೇತಿ ಇದೆ. ರಸಾಯನಶಾಸ್ತ್ರದ ಅವಧಿಗೆ ನನ್ನನ್ನು ಸಂಪನ್ಮೂಲ ವ್ಯಕ್ತಿ ಮಾಡಿದ್ದಾರೆ. ಏನು ಮಾಡಿ ತೋರಿಸಲಿ ಎಂದು ಇನ್ನೂ ಗೊತ್ತಿಲ್ಲ. ಬಿ.ಇಡಿ.ಯಲ್ಲಿ ಪಾಠ ಯೋಜನೆ ಶಾಂಭವಿಯದು, ಚಪ್ಪಾಳೆ ವಿಜಯಲಕ್ಷ್ಮಿಯದು ಎಂದು ಹುಡುಗಿಯರು ನಗುತ್ತಿದ್ದರಲ್ಲ, ಅದು ನೆನಪಾಗಿ ಹೆದರಿಕೆ.

ವಿಜಯಾ

*

ಕುಷ್ಟಗಿ
1 ಸೆಪ್ಟೆಂಬರ್ 2024
(ಅಂಚೆಗೆ ಹಾಕಲಿಲ್ಲ)

ವಿಜಯಲಕ್ಷ್ಮಿ,

ನಿನ್ನೆ ನಮ್ಮ ಮುಖ್ಯೋಪಾಧ್ಯಾಯ ಕರಿಬಸಪ್ಪನವರು ಪತ್ರಿಕೆ ಹಿಡಿದುಕೊಂಡು ತರಗತಿಗೇ ಬಂದರು. "ನೋಡ್ರಿ, ನಿಮ್ಮ ಗೆಳತಿ ಪೇಪರಿನ್ಯಾಗ ಬಂದಾರ. ದಾಳಿಂಬ್ರಿ ಸಿಪ್ಪಿಂದ ಮಸಿ ಮಾಡ್ಯಾರಂತ. ನೀವೂ ಹಿಂಥಾದ್ದು ಏನರ ಮಾಡ್ರಲ್ಲ" ಎಂದರು. ಮೂವತ್ತೆಂಟು ಮಕ್ಕಳು ಕೂತಿದ್ದರು. ಹುಲಿಗವ್ವ ನನ್ನ ಮುಖ ನೋಡಿದಳು.

ಪತ್ರಿಕೆಯಲ್ಲಿ ನೀನು ಹಸಿರು ಸೀರೆಯುಟ್ಟು ನಿಂತಿದ್ದೀಯ. ಕೈಯಲ್ಲಿ ಬೇವಿನ ಕಡ್ಡಿ. ಕಡ್ಡಿಯನ್ನೂ ಬಿಡಲಿಲ್ಲವಲ್ಲ ನೀನು. "ಸ್ವತಃ ರೂಪಿಸಿದ ಚಟುವಟಿಕೆ" ಎಂದು ಬರೆದಿದ್ದಾರೆ. ನನ್ನ ಹೆಸರಿಗಾಗಿ ಮೂರು ಸಲ ಓದಿದೆ. ಕುಷ್ಟಗಿ ಎಂಬ ಊರಿನ ಹೆಸರೂ ಇಲ್ಲ.

ಯಾವಾಗಲೂ ಹೀಗೇ. ನಾನು ಬರೆಯುತ್ತೇನೆ, ನೀನು ನಿಂತು ಹೇಳುತ್ತೀಯ, ಜನ ನಿನ್ನನ್ನು ನೋಡುತ್ತಾರೆ. ನಿನ್ನ ದನಿ, ನಿನ್ನ ನಗು, ಯಾರ ಎದುರಿಗೂ ಅಳುಕದ ನಿನ್ನ ನಿಲುವು. ಅದರಲ್ಲಿ ಒಂದು ಚೂರು ನನಗಿದ್ದರೆ

*

ಕುಷ್ಟಗಿ
2 ಸೆಪ್ಟೆಂಬರ್ 2024

ವಿಜಯಾ,

ಇಲ್ಲಿ ಎಲ್ಲರೂ ಕ್ಷೇಮ. ಸಜ್ಜೆ ಚೆನ್ನಾಗಿದೆ. ತರಬೇತಿ ಹೇಗಾಯಿತು? ಕೊನೆಗೆ ಏನು ಮಾಡಿ ತೋರಿಸಿದೆ? ಬಿಡುವಾದಾಗ ಬರೆ.

ಶಾಂಭವಿ

*

ಸಿದ್ದಾಪುರ
10 ಸೆಪ್ಟೆಂಬರ್ 2024

ಶಾಂಭೂ,

ಇಷ್ಟು ಸಣ್ಣ ಕಾಗದ ನಿನ್ನಿಂದ ಎಂದೂ ಬಂದಿರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ?

ತರಬೇತಿ ಚೆನ್ನಾಯಿತು. ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಅವರಿವರು ಏನೇನೋ ಮಾಡಿ ತೋರಿಸಿದರು, ನಾನೂ ಒಂದಿಷ್ಟು ಮಾಡಿದೆ. ಅದೆಲ್ಲ ಇರಲಿ.

ಈಗ ನಿಜವಾದ ತೊಂದರೆ ಬಂದಿದೆ. 26ಕ್ಕೆ ಕಲಬುರಗಿಯಿಂದ ಒಂದು ತಂಡ ನನ್ನ ತರಗತಿ ನೋಡಲು ಬರುತ್ತದೆ. ಹತ್ತನೆಯ ತರಗತಿಯ ಮೊದಲ ಅಧ್ಯಾಯ ಆರಿಸಿಕೊಂಡಿದ್ದೇನೆ. ಸುಣ್ಣದ ಕಲ್ಲಿಗೆ ನೀರು ಹಾಕಿ ಶಾಖ ತೋರಿಸುವುದು. ನಾನು ಈವರೆಗೆ ಬೋರ್ಡಿನ ಮೇಲೆ ಸಮೀಕರಣ ಬರೆದೇ ಮುಗಿಸುತ್ತಿದ್ದೆ. ನೀನು ಹೋದ ವರ್ಷ ಮಾಡಿದ್ದೆ. ಆಗ ಏನೋ ಆಯಿತು, ಆಮೇಲೆ ಹೇಳುತ್ತೇನೆ ಅಂದಿದ್ದೆ, ಹೇಳಲೇ ಇಲ್ಲ. ಎಲ್ಲವನ್ನೂ ಬಿಡಿಸಿ ಬರೆದು ಕಳಿಸು. ನೀನು ಬರೆದಂತೆ ಮಾಡಿದರೆ ತಪ್ಪುವುದಿಲ್ಲ ಎಂಬ ಧೈರ್ಯ ನನಗೆ.

ವಿಜಯಾ

*

ಕುಷ್ಟಗಿ
18 ಸೆಪ್ಟೆಂಬರ್ 2024

ವಿಜಯಾ,

ಕೇಳಿದ್ದೀಯ, ಬರೆದಿದ್ದೇನೆ.

ಬೇಕಾದ ಸಾಮಾನು: ಬೀಕರು, ಸುಟ್ಟ ಸುಣ್ಣದ ಕಲ್ಲು, ನೀರು. ಕಲ್ಲು ಭಟ್ಟಿಯಿಂದ ಆಗ ತಾನೇ ತಂದದ್ದಿರಲಿ. ಗಾಳಿಗೆ ಬಿಟ್ಟು ಪುಡಿಯಾದದ್ದು ಕಾಯುವುದಿಲ್ಲ. ಕಲ್ಲನ್ನು ಬೀಕರಿನಲ್ಲಿಟ್ಟು ಮೇಲೆ ನಿಧಾನವಾಗಿ ನೀರು ಹಾಕು. ಬೀಕರಿನ ಹೊರಮೈಯನ್ನು ಮಕ್ಕಳು ಮುಟ್ಟಿ ನೋಡಲಿ. ಕ್ಯಾಲ್ಸಿಯಂ ಆಕ್ಸೈಡು ನೀರಿನೊಂದಿಗೆ ಕೂಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಆಗುತ್ತದೆ, ಶಾಖ ಹೊರಬೀಳುತ್ತದೆ. ಪಠ್ಯಪುಸ್ತಕದಲ್ಲಿ ಇರುವುದೂ ಇಷ್ಟೇ.

ಹೋದ ವರ್ಷ ವಿಶೇಷವೇನೂ ಆಗಲಿಲ್ಲ.

ನೀನು ನಿಂತು ಮಾತಾಡಿದರೆ ಸಾಕು, ತಂಡದವರು ಮೆಚ್ಚುತ್ತಾರೆ. ಪತ್ರಿಕೆಯವರೂ ಬಂದಾರು.

ಶಾಂಭವಿ

*

ಸಿದ್ದಾಪುರ
4 ಅಕ್ಟೋಬರ್ 2024

ಶಾಂಭೂ,

ಇದು ನನ್ನ ಅಕ್ಷರವಲ್ಲ, ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ನಮ್ಮ ಗಣಿತದ ಟೀಚರ್ ಹಸೀನಾಬೇಗಂ ಬರೆದುಕೊಳ್ಳುತ್ತಿದ್ದಾರೆ.

26ರಂದು ತಂಡದ ಎದುರಿಗೆ ಸುಣ್ಣದ ಪ್ರಯೋಗ ಮಾಡಿದೆ. ಭಟ್ಟಿಯಿಂದ ಮುಷ್ಟಿಯಷ್ಟು ದೊಡ್ಡ ಕಲ್ಲು ತರಿಸಿದ್ದೆ. ನೀರು ಹಾಕಿದೆ. ಏನೂ ಆಗಲಿಲ್ಲ. ತಂಡದವರು ಗಡಿಯಾರ ನೋಡಿಕೊಂಡರು. ಇನ್ನಷ್ಟು ನೀರು ಹಾಕಿ, ಯಾಕೆ ಕಾಯುತ್ತಿಲ್ಲ ಎಂದು ಬಾಗಿ ನೋಡಿದೆ. ಆಗ ಸಿಡಿಯಿತು. ಕುದಿಯುವ ಸುಣ್ಣ ಮುಖಕ್ಕೆ, ಕತ್ತಿಗೆ, ಬಲಗೈಗೆ. ಮಕ್ಕಳು ಬೆಂಚಿನಲ್ಲಿದ್ದರು, ಅವರಿಗೆ ಏನೂ ಆಗಿಲ್ಲ. ಅದೊಂದು ಪುಣ್ಯ.

ದೊಡ್ಡ ದೊಡ್ಡ ಓದಿನವರೆಲ್ಲ ನಿಂತಲ್ಲೇ ನಿಂತರು. ಅಡುಗೆಯ ಶಂಕ್ರಮ್ಮ ಓಡಿ ಬಂದು ನನ್ನ ರಟ್ಟೆ ಹಿಡಿದು ನಳದ ಕಡೆಗೆ ಎಳೆದಳು. "ಕಣ್ಣು ತಿಕ್ಕಬ್ಯಾಡ್ರಿ ಅಕ್ಕೋರ, ಕೈ ತಗೀರಿ, ಕಣ್ಣು ತಗದು ಹಿಡೀರಿ" ಎನ್ನುತ್ತ ಅರ್ಧ ತಾಸು ನೀರು ಬಿಟ್ಟಳು. ಮದುವೆಯ ಮನೆಗಳಿಗೆ ಸುಣ್ಣ ಹಚ್ಚುವ ಕೆಲಸ ಮಾಡಿ ಬೆಳೆದವಳು, ಅವಳಿಗೆ ಗೊತ್ತಿತ್ತು. ಆ ನೀರಿನಿಂದಲೇ ಬಲಗಣ್ಣು ಉಳಿದಿದೆ ಎಂದು ಗಂಗಾವತಿಯ ಡಾಕ್ಟರು ಹೇಳಿದರು. ಎಷ್ಟರ ಮಟ್ಟಿಗೆ ಕಾಣುತ್ತದೆಂದು ಪಟ್ಟಿ ತೆಗೆದ ಮೇಲೆ ಗೊತ್ತಾಗಬೇಕು.

ನೀನು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೇ ಅವಸರ ಮಾಡಿದೆ. ನಿನ್ನಂಥ ತಾಳ್ಮೆ ನನಗೆಲ್ಲಿ ಬರಬೇಕು.

ವಿಜಯಾ

*

ಕುಷ್ಟಗಿ
14 ಅಕ್ಟೋಬರ್ 2024

ಪ್ರೀತಿಯ ವಿಜಯಾ,

ಸುದ್ದಿ ತಿಳಿದು ಬಹಳ ದುಃಖವಾಯಿತು. ದೇವರ ದಯೆಯಿಂದ ಬೇಗ ಗುಣವಾಗಲಿ. ದಸರಾ ರಜೆಯಿದ್ದರೂ ಬರಲಾಗಲಿಲ್ಲ. ಬನ್ನಿ ಹಬ್ಬಕ್ಕೆ ಮನೆ ತುಂಬ ನೆಂಟರಿದ್ದರು. ಗಂಗಾವತಿ ಬಸ್ಸಿನಲ್ಲಿ ಒಂದು ಬುಟ್ಟಿ ದಾಳಿಂಬೆ ಕಳಿಸಿದ್ದೇನೆ. ಔಷಧ ತಪ್ಪಿಸಬೇಡ.

ಶಾಂಭವಿ

*

ಸಿದ್ದಾಪುರ
17 ನವೆಂಬರ್ 2024

ಶಾಂಭೂ,

ಅಕ್ಷರ ಸೊಟ್ಟಗಿದ್ದರೂ ನನ್ನದೇ. ಕೈಯ ಚರ್ಮ ಬಿಗಿದಿದೆ. ಬಲಗಣ್ಣಿಗೆ ಒದ್ದೆ ಗಾಜಿನ ಆಚೆಯಿಂದ ನೋಡಿದ ಹಾಗೆ ಕಾಣುತ್ತದೆ. ಇನ್ನು ಇಷ್ಟೇ ಇರಬಹುದು ಎನ್ನುತ್ತಾರೆ.

ನೀನು ಬರಲಿಲ್ಲ. ದಾಳಿಂಬೆ ಬಂತು. ಬುಟ್ಟಿ ಬಿಚ್ಚಿದ ಕೂಡಲೇ ನನಗೆ ಅರ್ಥವಾಯಿತು. ನಿನಗೆ ಪತ್ರಿಕೆಯ ವಿಷಯ ಗೊತ್ತಾಗಿದೆ. ಅದಕ್ಕೇ ಅಷ್ಟು ಸಣ್ಣ ಕಾಗದ, ಅದಕ್ಕೇ ನೆಂಟರ ನೆಪ. ಬೇರೇನೂ ಕಳಿಸದೆ ದಾಳಿಂಬೆಯನ್ನೇ ಕಳಿಸಿದ್ದೀಯ. ಚುಚ್ಚಬೇಕೆಂದೇ ಕಳಿಸಿದ್ದರೆ ಅದು ನನಗೆ ಸಲ್ಲಬೇಕಾದದ್ದು.

ನಡೆದದ್ದು ಹೇಳುತ್ತೇನೆ. ಮೊದಲನೆಯ ದಿನ ಇದು ನನ್ನ ಗೆಳತಿ ಶಾಂಭವಿಯ ಪ್ರಯೋಗ ಎಂದೇ ಹೇಳಿದೆ. ಎರಡನೆಯ ದಿನ ದೊಡ್ಡ ಅಧಿಕಾರಿ ಬಂದರು, ಅವರ ಹಿಂದೆ ಪತ್ರಿಕೆಯವರು. ಅಧಿಕಾರಿ ಮಸಿ ನೋಡಿ, "ಭಾಳ ಛಲೋ ಐತಿ. ಇದು ನಿಮ್ಮದ ಏನ್ರಿ ಮೇಡಂ?" ಎಂದು ಕೇಳಿದರು. ಹೌದ್ರಿ ಎಂದೆ. ಯಾಕೆ ಅಂದೆನೋ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವಳು ನಾನೇ ಮೊದಲು. ಯಾವುದಾದರೂ ಒಂದು ನನ್ನ ಸ್ವಂತದ್ದು ಎನ್ನುವಂಥದ್ದು ಇರಲಿ ಎಂದು ಆ ಕ್ಷಣಕ್ಕೆ ಅನಿಸಿತು. ನಿನ್ನ ತಲೆಯಲ್ಲಿ ಹುಟ್ಟುವಂಥದ್ದು ನನ್ನ ತಲೆಯಲ್ಲಿ ಹುಟ್ಟುವುದಿಲ್ಲ ಶಾಂಭೂ. ಹನ್ನೊಂದು ವರ್ಷದಿಂದ ಅದೇ ಉರಿ ನನಗೆ.

ಬೈದು ಬರೆ. ಸುಮ್ಮನಿರಬೇಡ.

ವಿಜಯಾ

*

ಕುಷ್ಟಗಿ
24 ನವೆಂಬರ್ 2024

ವಿಜಯಾ,

ಬೈಯುವ ಬಾಯಿ ನನಗಿಲ್ಲ. ಇದನ್ನು ಕೂತು ಓದು.

ಹೋದ ವರ್ಷ ನನ್ನ ತರಗತಿಯಲ್ಲೂ ಸುಣ್ಣ ಸಿಡಿದಿತ್ತು. ಆಗ ಒಂಬತ್ತರಲ್ಲಿದ್ದು ನೋಡಲೆಂದು ಬಂದು ಕೂತಿದ್ದ ಹುಲಿಗವ್ವನ ಕೆನ್ನೆಗೆ, ಕಣ್ಣಿನಿಂದ ಎರಡು ಬೆರಳು ಕೆಳಗೆ ಒಂದು ಹನಿ ಬಿತ್ತು. ಮುಖ್ಯೋಪಾಧ್ಯಾಯರಿಗೆ ಗೊತ್ತಾದೀತೆಂದು ನಾನು ಯಾರಿಗೂ ಹೇಳಲಿಲ್ಲ. ಆಮೇಲೆ ಮನೆಯ ಹಿತ್ತಲಲ್ಲಿ ಒಬ್ಬಳೇ ಹತ್ತು ಸಲ ಮಾಡಿ ಸರಿಯಾದ ದಾರಿ ಕಂಡುಕೊಂಡೆ. ಹುಣಸೆ ಬೀಜದಷ್ಟೇ ಕಲ್ಲು. ಬೀಕರು ಅಲ್ಲ, ಅಗಲ ಬಾಯಿಯ ಸ್ಟೀಲ್ ಪಾತ್ರೆ. ಮೊದಲು ಪಾತ್ರೆಯಲ್ಲಿ ನೀರು ತುಂಬಿ, ಆಮೇಲೆ ಕಲ್ಲನ್ನು ಇಕ್ಕಳದಿಂದ ಒಳಗೆ ಬಿಡಬೇಕು. ಕಣ್ಣಿಗೆ ಕನ್ನಡಕ. ಮಕ್ಕಳು ನಾಲ್ಕು ಹೆಜ್ಜೆ ದೂರ. ಎಲ್ಲಕ್ಕಿಂತ ಮುಖ್ಯವಾದದ್ದು, ದೊಡ್ಡ ಕಲ್ಲಿಗೆ ನೀರು ಹಾಕಿದರೆ ಒಂದೆರಡು ನಿಮಿಷ ಏನೂ ಆಗುವುದಿಲ್ಲ. ಬಾಗಿ ನೋಡಬೇಕೆನಿಸುತ್ತದೆ. ಬಾಗಬಾರದು.

ಇದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಇತ್ತು. ಸೆಪ್ಟೆಂಬರ್ 18ರಂದು ಆ ಪುಟವನ್ನು ಎದುರಿಗಿಟ್ಟುಕೊಂಡೇ ನಿನಗೆ ಬರೆದೆ. ನೋಡಿಕೊಂಡು ಬಿಟ್ಟೆ. ನಿನಗೆ ಗಾಯವಾಗಲಿ ಎಂದು ಬಯಸಲಿಲ್ಲ, ಇಷ್ಟನ್ನಾದರೂ ನಂಬು. ತಂಡದವರ ಎದುರಿಗೆ ಸುಣ್ಣ ಮೇಜಿನ ತುಂಬ ಚೆಲ್ಲಲಿ, ನಿನ್ನ ಮಾತು ತಡವರಿಸಲಿ, ಯಾರಾದರೂ ನಗಲಿ ಎಂದು ಬಯಸಿದೆ. ಪಠ್ಯಪುಸ್ತಕದಲ್ಲಿ ಇರುವುದನ್ನೇ ಬರೆದಿದ್ದೇನಲ್ಲ ಎಂದು ಎರಡು ತಿಂಗಳು ನನಗೆ ನಾನೇ ಹೇಳಿಕೊಂಡೆ.

ದಾಳಿಂಬೆಯನ್ನು ಚುಚ್ಚಲು ಕಳಿಸಿದ್ದಲ್ಲ. ನಿನ್ನ ಮುಖ ನೋಡುವ ಧೈರ್ಯವಿಲ್ಲದೆ ಕೈಗೆ ಸಿಕ್ಕಿದ್ದನ್ನು ಕಳಿಸಿದೆ.

ನೀನು ಒಂದು ಮಾತು ಕದ್ದೆ. ನಾನು ನಿನ್ನ ಕಣ್ಣನ್ನೇ ಕದ್ದೆ.

ಶಾಂಭವಿ

*

ಕುಷ್ಟಗಿ
5 ಜನವರಿ 2025

ವಿಜಯಾ,

ಆರು ವಾರವಾಯಿತು. ನೀನು ಬರೆದಿಲ್ಲ. ಬರೆಯಬೇಕೆಂದು ಕೇಳುವುದೂ ಇಲ್ಲ. ಒಂದು ಸಂಗತಿ ನಿನಗೆ ಬೇರೆಯವರಿಂದ ತಿಳಿಯಬಾರದೆಂದು ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಶಾಲೆಯಲ್ಲೇ ತಾಲೂಕಿನ ವಿಜ್ಞಾನ ಶಿಕ್ಷಕರ ಸಭೆ ಇತ್ತು. ಮೂವತ್ತೆರಡು ಜನ. ನಾನು ಎದ್ದು ನಿಂತು ಹತ್ತು ನಿಮಿಷದ ಅವಕಾಶ ಕೇಳಿದೆ. ನಾನು ಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ, ಆಶ್ಚರ್ಯಕ್ಕೇ ಒಪ್ಪಿದರು. ಅಗಲ ಪಾತ್ರೆ ಇಟ್ಟು ಸುಣ್ಣವನ್ನು ಸರಿಯಾಗಿ ಮಾಡಿ ತೋರಿಸಿದೆ. ಆಮೇಲೆ, ಇದು ನನಗೆ ಗೊತ್ತಿದ್ದೂ ಒಬ್ಬ ಗೆಳತಿಗೆ ಹೊಟ್ಟೆಕಿಚ್ಚಿನಿಂದ ಹೇಳಲಿಲ್ಲ, ಅವಳ ಕಣ್ಣಿಗೆ ಪೆಟ್ಟಾಯಿತು ಎಂದೆ. ನಿನ್ನ ಹೆಸರು ಹೇಳಲಿಲ್ಲ.

ಕರಿಬಸಪ್ಪನವರು ತಲೆ ತಗ್ಗಿಸಿದರು. ಹಿಂದಿನಿಂದ ಒಬ್ಬರು, "ಆ ಗೆಳತಿ ಕಣ್ಣು ಈಗ ಹೆಂಗೈತ್ರಿ?" ಎಂದು ಕೇಳಿದರು. ಒದ್ದೆ ಗಾಜಿನ ಆಚೆಯಿಂದ ನೋಡಿದ ಹಾಗೆ ಕಾಣುತ್ತದಂತೆ ಎಂದು ನೀನು ಬರೆದದ್ದನ್ನೇ ಹೇಳಿದೆ. ಹೇಳಿ ಕೂತುಬಿಟ್ಟೆ.

ಶಾಂಭವಿ

*

ಸಿದ್ದಾಪುರ
20 ಜನವರಿ 2025

ಶಾಂಭವಿ,

ನಿನ್ನ ನವೆಂಬರಿನ ಕಾಗದವನ್ನು ಹರಿಯಲು ಎರಡು ಸಲ ಕೈಗೆತ್ತಿಕೊಂಡೆ. ಹಸೀನಾಬೇಗಂ ಕಸಿದು ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡರು. ಅದು ಈಗಲೂ ಅವರ ಹತ್ತಿರವೇ ಇದೆ.

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಕನ್ನಡಿ ನೋಡುವಾಗ ನಿನ್ನ ನೆನಪಾಗುತ್ತದೆ, ಒಳ್ಳೆಯ ರೀತಿಯಲ್ಲಿ ಅಲ್ಲ.

ಆದರೆ ಪರೀಕ್ಷೆ ಹತ್ತಿರ ಬಂತು. ನಲವತ್ತೊಂದು ಮಕ್ಕಳಿದ್ದಾರೆ. ಬ್ಯುರೆಟ್ಟಿನ ಗೆರೆ ನನಗೆ ಸರಿಯಾಗಿ ಕಾಣುವುದಿಲ್ಲ, ಸುಣ್ಣದ ಡಬ್ಬಿ ಕಂಡರೆ ಹಿಂದೆ ಸರಿಯುತ್ತೇನೆ. ಫೆಬ್ರವರಿ 8ರ ಶನಿವಾರ ಬಂದು ನೀನು ಮಾಡಿಸು. ನಾನು ಹಿಂದಿನ ಬೆಂಚಿನಲ್ಲಿ ಕೂಡುತ್ತೇನೆ. ಎಂಟೂವರೆಗೆ ಶಾಲೆ.

ವಿಜಯಲಕ್ಷ್ಮಿ

*

ಸಿದ್ದಾಪುರ
23 ಫೆಬ್ರವರಿ 2025

ಶಾಂಭೂ,

ನೀನು ಬಂದು ಹೋಗಿ ಹದಿನೈದು ದಿನವಾಯಿತು. ಆ ದಿನ ನಿನ್ನ ಜೊತೆ ನಾಲ್ಕು ಮಾತೂ ಆಡಲಿಲ್ಲ ನಾನು. ಈಗ ಆಡುತ್ತೇನೆ.

ನೀನು ಮೊದಲು ಸುಣ್ಣ ಮಾಡಿಸಿದೆ. ಪಾತ್ರೆ ಬಿಸಿಯಾದಾಗ ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಏನೂ ಸಿಡಿಯಲಿಲ್ಲ. ಆಮೇಲೆ ತಿಳಿಸುಣ್ಣದ ನೀರಿಗೆ ಮಕ್ಕಳಿಂದ ಕೊಳವೆಯಲ್ಲಿ ಊದಿಸಿದೆ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ನಾನು ಪ್ರತಿ ವರ್ಷ ಅಲ್ಲಿಗೆ ನಿಲ್ಲಿಸುತ್ತೇನೆ. ಪುಸ್ತಕದಲ್ಲೂ ಅಲ್ಲಿಗೇ ನಿಂತಿದೆ ಅಂದುಕೊಂಡಿದ್ದೆ.

ಆಗ ಶಾಹಜಾದಬಿ ಎದ್ದು ನಿಂತಳು. ಎರಡು ವರ್ಷದಲ್ಲಿ ಹಾಜರಿ ಹೇಳುವುದಕ್ಕೆ ಬಿಟ್ಟರೆ ಆ ಹುಡುಗಿ ನನ್ನ ತರಗತಿಯಲ್ಲಿ ಬಾಯಿ ತೆರೆದವಳಲ್ಲ. "ಇನ್ನಾ ಊದಿದ್ರ ಏನಾಕ್ಕೈತ್ರಿ ಅಕ್ಕೋರ?" ಎಂದು ನಿನ್ನನ್ನು ಕೇಳಿದಳು. ನೀನು ಕೊಳವೆಯನ್ನು ಅವಳ ಕೈಗೆ ಕೊಟ್ಟು, "ಊದಿ ನೋಡವಾ" ಎಂದೆ. ಅವಳು ಊದಿದಳು. ಕೆನ್ನೆ ನೋಯುವ ತನಕ ಊದಿದಳು. ಬಿಳಿ ಎಲ್ಲ ಕರಗಿ ನೀರು ಮತ್ತೆ ತಿಳಿಯಾಯಿತು. "ಕರಗಿದ್ದು ಎಲ್ಲಿಗೂ ಹೋಗಿಲ್ಲ, ನಿಮ್ಮ ನೀರಿನ್ಯಾಗ ಐತಿ. ನಮ್ಮ ಕುಷ್ಟಗಿ ಬೋರಿನ ನೀರಿಗೆ ಸಾಬೂನು ನೊರಿ ಬರಂಗಿಲ್ಲಲ್ಲ, ಇದಕ್ಕ" ಎಂದು ನೀನು ಹೇಳಿದಾಗ ಆ ಹುಡುಗಿಯ ಮುಖ ನೋಡಬೇಕಿತ್ತು ನೀನು. ನೀನು ಬೋರ್ಡಿನ ಕಡೆ ತಿರುಗಿದ್ದೆ. ನಾನು ನೋಡಿದೆ.

ಮಧ್ಯಾಹ್ನ ಶಂಕ್ರಮ್ಮ ನಿನ್ನ ಮುಂದೆ ತಟ್ಟೆಯಿಟ್ಟು, "ಸುಣ್ಣದ ಕಾಗದ ಬರದಾಕಿ ನೀವ ಏನ್ರಿ?" ಎಂದಳು. ನೀನು ಹೌದೆಂದೆ. ಅವಳು ಸಾರು ಬಡಿಸಿದಳು. ನೀನು ಹೋದ ಮೇಲೆ ನನಗೆ, "ಖರೇ ಹೇಳಿದ್ಲು ಬಿಡ್ರಿ" ಎಂದಷ್ಟೇ ಹೇಳಿದಳು.

ಅಂದಿನಿಂದ ಮಕ್ಕಳು ಬಿಟ್ಟಿಲ್ಲ. "ಕುಷ್ಟಗಿ ಅಕ್ಕೋರು ಮತ್ತ ಯಾವಾಗ ಬರ್ತಾರ್ರಿ?" ಎಂದು ದಿನಾ ಕೇಳುತ್ತಾರೆ. ಶಾಹಜಾದಬಿ ನಿನ್ನ ಹಾಗೆ ಜಡೆ ಹಾಕಿಕೊಂಡು ಬರುತ್ತಾಳೆ. ಒಂಬತ್ತು ವರ್ಷ ಈ ಶಾಲೆಯಲ್ಲಿ ದನಿ ಏರಿಸಿ ಪಾಠ ಮಾಡಿದವಳು ನಾನು. ನೀನು ತಗ್ಗಿದ ದನಿಯಲ್ಲಿ ಒಂದೇ ದಿನ ಬಂದು ಅವರನ್ನು ಎತ್ತಿಕೊಂಡು ಹೋದೆ. ನಿನ್ನ ಮೇಲೆ ನನಗಿದ್ದ ಸಿಟ್ಟಿಗೆ ಕಣ್ಣು ಕಾರಣ ಅಂದುಕೊಂಡಿದ್ದೆ. ಈ ಹದಿನೈದು ದಿನದ ಸಿಟ್ಟು ಬೇರೆ. ಅದಕ್ಕೆ ಕಣ್ಣು ಕಾರಣವಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಮುಂದಿನ ವರ್ಷದ ಜಿಲ್ಲಾ ತರಬೇತಿಗೆ ರಸಾಯನಶಾಸ್ತ್ರಕ್ಕೆ ಒಬ್ಬರ ಹೆಸರು ಸೂಚಿಸಿ ಎಂದು ನನಗೆ ಒಂದು ನಮೂನೆ ಕಳಿಸಿದ್ದರು. ನೀನು ಬಂದು ಹೋದ ದಿನವೇ ಬಂತು. ಯಾರ ಹೆಸರು ಬರೆಯಬೇಕೆಂದು ನನಗೆ ಗೊತ್ತಿತ್ತು. ಮೇಜಿನ ಖಾನೆಯಲ್ಲಿ ಹಾಕಿ, ಮೇಲೆ ಹಾಜರಿ ಪುಸ್ತಕ ಇಟ್ಟೆ. ಕೊನೆಯ ದಿನ ತಾನಾಗಿ ದಾಟಿ ಹೋಗಲಿ, ಮರೆತೆ ಎಂದರಾಯಿತು, ಯಾರೂ ನನ್ನನ್ನು ಕೇಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಹನ್ನೆರಡು ದಿನ ಹಾಗೇ ಇಟ್ಟೆ. ಸೆಪ್ಟೆಂಬರಿನಲ್ಲಿ ನೀನು ಹೇಗೆ ಕೂತು ಬರೆದಿರಬಹುದು ಎಂಬುದು ಆ ಹನ್ನೆರಡು ದಿನದಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ಗುರುವಾರ ಅದನ್ನು ತುಂಬಿದೆ. ಹೆಸರು, ಶಾಂಭವಿ. ತಾಲೂಕು, ಕುಷ್ಟಗಿ. ವಿಶೇಷ ಪರಿಣತಿ ಎಂಬಲ್ಲಿ ದಾಳಿಂಬೆ ಸಿಪ್ಪೆಯ ಮಸಿ ನಿನ್ನದೇ ಎಂದು ಬರೆದು, ಹೋದ ವರ್ಷ ನಾನು ಹೇಳಿದ್ದು ಸುಳ್ಳು ಎಂದೂ ಸೇರಿಸಿ ಸಹಿ ಮಾಡಿದೆ. ಮರುದಿನ ನಾನೇ ಕೊಪ್ಪಳಕ್ಕೆ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದೆ. ಗುಮಾಸ್ತರು ಓದಿ ನನ್ನ ಮುಖ ನೋಡಿದರು. ನೋಡಲಿ.

ಕರೆದಾಗ ಹೋಗು. ಅಳುಕಬೇಡ, ಎದೆ ಮೇಲೆ ಮಾಡಿ ನಿಲ್ಲು, ಹಿಂದಿನ ಸಾಲಿನವರಿಗೂ ಕೇಳುವಂತೆ ಮಾತಾಡು. ನಾನು ಬರುವುದಿಲ್ಲ. ಎಲ್ಲರೂ ಎದ್ದು ನಿನಗೆ ಚಪ್ಪಾಳೆ ತಟ್ಟುವುದನ್ನು ನೋಡುವ ಶಕ್ತಿ ಈ ವರ್ಷ ನನಗಿಲ್ಲ.

ವಿಜಯಾ